ನಾಳೆಗೆ ಉಳಿಯದ ಚಿಚಾ

ಪೆರು ದೇಶದ ಕುಸ್ಕೊ ನಗರದಿಂದ ಉರುಬಾಂಬಾ ನದಿಯ ಕಣಿವೆಗೆ ಇಳಿಯುವಾಗ ಕೆಲವು ಮನೆಗಳ ಬಾಗಿಲ ಮೇಲಿಂದ ಉದ್ದನೆಯ ಗಳುವೊಂದು ರಸ್ತೆಯ ಕಡೆಗೆ ಚಾಚಿಕೊಂಡಿರುತ್ತದೆ. ತುದಿಯಲ್ಲಿ ಕೆಂಪು ಬಟ್ಟೆ. ಬಟ್ಟೆ ಇಲ್ಲದಿದ್ದರೆ ಕೆಂಪು ಪ್ಲಾಸ್ಟಿಕ್ ಚೀಲ. ಬೋರ್ಡಿಲ್ಲ, ದರಪಟ್ಟಿ ಇಲ್ಲ. ಈ ಮನೆಯಲ್ಲಿ ಇವತ್ತು ಚಿಚಾ ಹದಕ್ಕೆ ಬಂದಿದೆ ಎಂದು ಊರಿನವರಿಗೆ ಅಷ್ಟರಿಂದಲೇ ಗೊತ್ತಾಗುತ್ತದೆ. ಗುಡಾಣ ಬರಿದಾದ ದಿನ ಗಳು ಒಳಗೆ ಹೋಗುತ್ತದೆ. ಬೊಲಿವಿಯಾದ ಕೊಚಬಾಂಬಾ ಕಡೆ ಇದೇ ಸುದ್ದಿಯನ್ನು ಬಿಳಿ ಬಾವುಟ ಹೇಳುತ್ತದೆ.

‘ಇವತ್ತು’ ಎನ್ನುವ ಮಾತಿನಲ್ಲೇ ಈ ಪಾನೀಯದ ಚರಿತ್ರೆಯೆಲ್ಲ ಅಡಗಿದೆ ಎಂದು ನನಗೆ ತೋರುತ್ತದೆ. ಚಿಚಾ ನಾಳಿದ್ದಿಗೆ ಉಳಿಯುವುದಿಲ್ಲ. ಮಾಡಿದ ಎರಡು ಮೂರು ದಿನಕ್ಕೆ ಹದಕ್ಕೆ ಬಂದು, ಇನ್ನು ಕೆಲವು ದಿನಕ್ಕೆ ಹುಳಿಯೇರಿ, ಆಮೇಲೆ ಅಡುಗೆಗೆ ಹಾಕುವ ವಿನೆಗರ್ ಆಗಿಬಿಡುತ್ತದೆ. ದ್ರಾಕ್ಷಾರಸದ ಹಾಗೆ ಇದನ್ನು ನೆಲಮಾಳಿಗೆಯಲ್ಲಿಟ್ಟು ಮೊಮ್ಮಕ್ಕಳ ಮದುವೆಗೆ ತೆಗೆಯಲಾಗದು. ಒಬ್ಬರೇ ಕುಡಿದು ಮುಗಿಸುವಷ್ಟು ಸಣ್ಣದಾಗಿ ಮಾಡುವುದೂ ಕಷ್ಟ. ಮಾಡಿದರೆ ನಾಲ್ಕು ಜನರನ್ನು ಕರೆಯಲೇಬೇಕು. ಆಂಡೀಸ್ ಪರ್ವತಸೀಮೆಯ ರಾಜರು, ದೇವರುಗಳು, ಕೂಲಿಯಾಳುಗಳು, ಸತ್ತವರು, ಕೊನೆಗೆ ತೆರಿಗೆ ಅಧಿಕಾರಿಗಳು ಕೂಡ ಇದರ ಸುತ್ತ ಸೇರಿದ್ದು ಹೀಗೆ.

ನಾವು ಮೆಕ್ಕೆಜೋಳ, ಗೋವಿನಜೋಳ, ಮುಸುಕಿನ ಜೋಳ ಎಂದು ಸೀಮೆಗೊಂದು ಹೆಸರಿನಿಂದ ಕರೆಯುವ ಕಾಳಿಗೆ ಆಂಡೀಸ್‌ನ ಕೆಚುವಾ ಭಾಷೆಯಲ್ಲಿ ‘ಸಾರಾ’ ಎನ್ನುತ್ತಾರೆ. ಅದರಿಂದ ಮಾಡುವ ಪಾನೀಯಕ್ಕೆ ಅವರದೇ ಹೆಸರು ‘ಅಖಾ’. ‘ಚಿಚಾ’ ಕೆಚುವಾ ಮಾತೇ ಅಲ್ಲ. ಸ್ಪೇನಿನವರು ಪೆರುವಿಗೆ ಬರುವ ಮೊದಲೇ ಕೆರಿಬಿಯನ್ ಮತ್ತು ಪನಾಮಾ ಕರಾವಳಿಯಲ್ಲಿ ಈ ಪದವನ್ನು ಕಲಿತು, ದಕ್ಷಿಣಕ್ಕೆ ಬಂದಾಗ ಕಂಡ ಕಂಡ ನಾಡಮದ್ಯಕ್ಕೆಲ್ಲ ಅದನ್ನೇ ಅಂಟಿಸಿದರು. ಈಗ ಅಲ್ಲಿ ಕಡಲೆಕಾಯಿಯ ಚಿಚಾ ಇದೆ, ಕೆನೋವಾ ಚಿಚಾ ಇದೆ, ಮೋಯೆ ಮರದ ಹಣ್ಣಿನ ಚಿಚಾ ಇದೆ. ಆದರೂ ಬರೀ ಚಿಚಾ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ‘ಚಿಚಾ ದೆ ಹೋರಾ’, ಅಂದರೆ ಮೊಳಕೆ ಕಟ್ಟಿದ ಮೆಕ್ಕೆಜೋಳದ್ದು.

ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಕೂಸಿಗೆ ಸರಿ ಮಾಡಿ ಉಣಿಸಿದವರಿಗೆ ಚಿಚಾದ ಮೊದಲರ್ಧವನ್ನು ವಿವರಿಸಬೇಕಾಗಿಲ್ಲ. ಕಾಳನ್ನು ನೀರಲ್ಲಿ ನೆನೆಹಾಕುತ್ತಾರೆ. ಎಲೆ ಇಲ್ಲವೇ ಹುಲ್ಲಿನ ಮೇಲೆ ಹರಡಿ, ಮೇಲೂ ಮುಚ್ಚಿ, ಬೆಚ್ಚಗೆ ಒದ್ದೆಯಾಗಿ ಇಡುತ್ತಾರೆ. ಮೊಳಕೆ ಸಾಕಷ್ಟು ಉದ್ದ ಬಂದಾಗ ಬಿಸಿಲಿಗೆ ಹಾಕಿ ಒಣಗಿಸುತ್ತಾರೆ. ಇದೇ ಹೋರಾ. ಕುಸ್ಕೊ ಸೀಮೆಯಲ್ಲಿ ಇದಕ್ಕೆ ‘ವಿನ್ಯಾಪು’ ಎಂಬ ಹಳೆಯ ಹೆಸರೂ ಉಂಟು. ಬೆಳೆಯುವುದು ಎಂಬರ್ಥದ ಕೆಚುವಾ ಧಾತುವಿನಿಂದ ಬಂದದ್ದು. ಒಣಗಿದ ಹೋರಾವನ್ನು ನುಚ್ಚಾಗಿ ಬೀಸಿ, ದೊಡ್ಡ ಹಂಡೆಯಲ್ಲಿ ನೀರು ಹಾಕಿ ಗಂಟೆಗಟ್ಟಲೆ ಕುದಿಸಿ, ಸೋಸಿ, ಆರಿಸಿ, ಮಣ್ಣಿನ ಗುಡಾಣಕ್ಕೆ ಹೊಯ್ಯುತ್ತಾರೆ. ಹಿಂದಿನ ಸಲದ ಗಸಿಯನ್ನು ಸ್ವಲ್ಪ ಬೆರೆಸುತ್ತಾರೆ. ಅದಕ್ಕೆ ‘ಕೊಂಚೊ’ ಎಂದು ಹೆಸರು, ಕೆಲಸ ಮಾತ್ರ ನಮ್ಮ ಹಾಲಿಗೆ ಹಾಕುವ ಹೆಪ್ಪಿನದೇ. ಎಷ್ಟೋ ಮನೆಗಳಲ್ಲಿ ಹಳೆಯ ಗುಡಾಣದ ಒಳಮೈಯೇ ಹೆಪ್ಪು: ಸಣ್ಣ ಸಣ್ಣ ರಂಧ್ರಗಳಲ್ಲಿ ಯೀಸ್ಟ್ ಮನೆ ಮಾಡಿಕೊಂಡಿರುತ್ತದೆ. ಮರುದಿನವೇ ಗುಡಾಣ ಗುಳುಗುಳು ಎನ್ನಲು ಶುರು. ಸೋಸಿ ಉಳಿದ ಹಿಂಡಿ ಹಂದಿಗೆ, ಗಿನಿಯಿಲಿಗೆ. ಗಿನಿಯಿಲಿ ಆಮೇಲೆ ಮನುಷ್ಯರ ತಟ್ಟೆಗೆ.

ಕೊನೆಗೆ ಸಿಗುವುದು ಮಬ್ಬು ಹಳದಿಯ, ಮೇಲೆ ನೊರೆ ಕಟ್ಟಿದ, ಹುಳಿಯೊಳಗೆ ತುಸು ಸಿಹಿ ಇರುವ ದ್ರವ. ಮದ್ಯಾಂಶ ಸಾಮಾನ್ಯವಾಗಿ ಶೇಕಡಾ 1ರಿಂದ 3ರಷ್ಟು. ಅಮಲಿಗೆಂದು ಕುಡಿಯುವವನು ಬಹಳ ಕುಡಿಯಬೇಕಾಗುತ್ತದೆ, ಕುಡಿಯುತ್ತಾರೆ ಕೂಡ. ಕುಸ್ಕೊದಲ್ಲಿ ಇದನ್ನು ಕೊಡುವ ಅರ್ಧ ಲೀಟರಿನ ಗಾಜಿನ ಲೋಟಕ್ಕೆ ‘ಕಪೊರಾಲ್’ ಎನ್ನುತ್ತಾರೆ. ಸೀಸನ್ನಿನಲ್ಲಿ ಸ್ಟ್ರಾಬೆರಿ ಅರೆದು ಬೆರೆಸಿದರೆ ಗುಲಾಬಿ ಬಣ್ಣದ ‘ಫ್ರುತಿಯಾದಾ’.

ಮೊಳಕೆ ಯಾಕೆ ಬೇಕು? ದ್ರಾಕ್ಷಿಯಲ್ಲಿ, ಈಚಲು ಮರದ ರಸದಲ್ಲಿ ಸಕ್ಕರೆ ತಯಾರಾಗಿಯೇ ಇರುತ್ತದೆ. ಯೀಸ್ಟ್ ಬಿದ್ದರೆ ಸಾಕು. ಕಾಳಿನಲ್ಲಿರುವುದು ಪಿಷ್ಟ, ಅದನ್ನು ಯೀಸ್ಟ್ ಮುಟ್ಟುವುದಿಲ್ಲ. ಕಾಳು ಮೊಳೆಯುವಾಗ ತನ್ನ ಎಳೆಗಿಡವನ್ನು ಸಾಕಲೆಂದು ಪಿಷ್ಟವನ್ನು ಸಕ್ಕರೆಯಾಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ಮನುಷ್ಯ ಅಡ್ಡಬಂದು ಸಕ್ಕರೆಯನ್ನು ಕಸಿದುಕೊಳ್ಳುತ್ತಾನೆ.

ಇನ್ನೊಂದು ದಾರಿಯೂ ಇದೆ. ಅದೇ ಅಮೈಲೇಸ್ ನಮ್ಮ ಜೊಲ್ಲಿನಲ್ಲೂ ಇದೆ. ಜೋಳದ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಉಂಡೆ ಮಾಡಿ, ಉಗಿದು ಒಣಗಿಸಿದರೆ ಮೊಳಕೆಯ ಕೆಲಸ ಅಲ್ಲೇ ಆಯಿತು. ಕೊಚಬಾಂಬಾದಲ್ಲಿ ಈ ಉಂಡೆಗೆ ‘ಮುಕೊ’ ಎಂದು ಹೆಸರು. ಹೆಂಗಸರು, ಮುದುಕರು, ಮಕ್ಕಳು ಗುಂಪಾಗಿ ಕೂತು ಹರಟುತ್ತಾ ಮುಕೊ ಮಾಡುತ್ತಿದ್ದ ಕಾಲವಿತ್ತು. ಸಂತೆಯಲ್ಲಿ ಅದರ ವ್ಯಾಪಾರವೂ ಇತ್ತು. ಎಂಜಲು ಎಂದರೆ ಸ್ನಾನಕ್ಕೆ ಎದ್ದು ಹೋಗುವ ನಾಡಿನವರಾದ ನಮಗೆ ಇದನ್ನು ಓದುವಾಗಲೇ ಮೈ ಜುಂ ಎನ್ನಬಹುದು. ಆಮೇಲೆ ಎಲ್ಲವೂ ಹಂಡೆಯಲ್ಲಿ ಕುದಿಯುತ್ತದೆ, ರೋಗಾಣು ಉಳಿಯುವುದಿಲ್ಲ ಎಂದು ಸಮಾಧಾನ ಹೇಳಬಹುದು. ಆದರೂ ಯುರೋಪಿನ ಪಾದ್ರಿಗಳಿಂದ ಹಿಡಿದು ಇಂದಿನ ಪ್ರವಾಸಿಗಳವರೆಗೆ ಚಿಚಾ ಎಂದರೆ ಈ ಒಂದೇ ಸಂಗತಿಗೆ ಮುಗಿಬೀಳುವವರು ಹೆಚ್ಚು. ಈಗ ಪೇಟೆಯಲ್ಲಿ ಸಿಗುವ ಚಿಚಾ ಹೆಚ್ಚುಕಡಿಮೆ ಎಲ್ಲವೂ ಹೋರಾದ್ದೇ.

ಆಂಡೀಸ್‌ನ ಎತ್ತರದಲ್ಲಿ ಹೊಟ್ಟೆ ತುಂಬಿಸಿದ್ದು ಆಲೂಗಡ್ಡೆ. ಮೆಕ್ಕೆಜೋಳಕ್ಕೆ ಚಳಿ ಆಗದು. ಸುಮಾರು 3,500 ಮೀಟರಿನಾಚೆ ಅದನ್ನು ಬೆಳೆಯುವುದು ಹರಸಾಹಸ. ಮೆಟ್ಟಿಲು ಗದ್ದೆ ಕಟ್ಟಬೇಕು, ಕಾಲುವೆ ತರಬೇಕು. ಸ್ಪೇನಿನವರು ಬರುವ ಮೊದಲು ಆಂಡೀಸ್ ಆಳುತ್ತಿದ್ದ ಇಂಕಾ ಅರಸರು ಇಷ್ಟೆಲ್ಲ ಶ್ರಮ ಹಾಕಿಸಿ ಮೆಕ್ಕೆಜೋಳ ಬೆಳೆಸಿದ್ದು ಬರೀ ಊಟಕ್ಕಲ್ಲ ಎಂದು 1960ರಲ್ಲಿ ಮಾನವಶಾಸ್ತ್ರಜ್ಞ ಜಾನ್ ಮುರ್ರಾ ವಾದಿಸಿದರು: ಆಲೂಗಡ್ಡೆ ಜನರ ಬೆಳೆ, ಮೆಕ್ಕೆಜೋಳ ರಾಜ್ಯದ ಮತ್ತು ವಿಧಿಯಾಚರಣೆಯ ಬೆಳೆ. ಇಂಕಾಗಳಲ್ಲಿ ನಾಣ್ಯವಿರಲಿಲ್ಲ, ಸಂತೆಗೂ ದೊಡ್ಡ ಪಾತ್ರವಿರಲಿಲ್ಲ. ತೆರಿಗೆಯೆಂದರೆ ದುಡಿಮೆ. ಊರೂರಿನವರು ಸರದಿಯಂತೆ ಬಂದು ರಸ್ತೆ ಮಾಡಬೇಕು, ಗೋಡೆ ಕಟ್ಟಬೇಕು, ಅರಸನ ಹೊಲ ಉಳಬೇಕು. ಬಂದವರಿಗೆ ಅರಸ ಉಣಿಸಬೇಕು, ಧಾರಾಳವಾಗಿ ಚಿಚಾ ಹೊಯ್ಯಬೇಕು.

ಇದರ ಬೇರು ಹಳ್ಳಿಯಲ್ಲಿದೆ. ನಮ್ಮ ಮುಯ್ಯಾಳಿನಂಥ ಪದ್ಧತಿಗೆ ಅಲ್ಲಿ ‘ಐನಿ’ ಎನ್ನುತ್ತಾರೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲದ ಯಜಮಾನಿ ಚಿಚಾದ ಗಡಿಗೆ ಹೊತ್ತು ಬಾರದಿದ್ದರೆ ಗುದ್ದಲಿ ಏಳುವುದಿಲ್ಲ. ಗ್ವಾಮಾನ್ ಪೋಮಾ ಎಂಬ ಆಂಡೀಸ್‌ನ ಲೇಖಕ 1615ರ ಸುಮಾರಿಗೆ ಸ್ಪೇನಿನ ದೊರೆಗೆಂದು ಬರೆದ ಸುಮಾರು 1200 ಪುಟಗಳ ಸಚಿತ್ರ ಅಹವಾಲಿನಲ್ಲಿ ಆಗಸ್ಟ್ ತಿಂಗಳ ಉಳುಮೆಯ ಚಿತ್ರವಿದೆ. ಗಂಡಸರು ಕಾಲಲ್ಲಿ ಒತ್ತಿ ಅಗೆಯುವ ನೇಗಿಲಿನಿಂದ ನೆಲ ಎಬ್ಬಿಸುತ್ತಿದ್ದಾರೆ. ಕುಡಿಯಲು ತಂದ ಹೆಂಗಸೂ ಅಲ್ಲೇ ಇದ್ದಾಳೆ. ಆ ಹಸ್ತಪ್ರತಿ ಹೇಗೋ ಡೆನ್ಮಾರ್ಕಿಗೆ ಸೇರಿ, ಕೋಪನ್‌ಹೇಗನ್ನಿನ ರಾಜ ಗ್ರಂಥಾಲಯದಲ್ಲಿ 1908ರಲ್ಲಿ ವಿದ್ವಾಂಸರ ಕಣ್ಣಿಗೆ ಬಿತ್ತು.

ಅರಸರು ಈ ಹಳ್ಳಿಯ ಮರ್ಯಾದೆಯನ್ನೇ ಸಾಮ್ರಾಜ್ಯದ ಅಳತೆಗೆ ಹಿಗ್ಗಿಸಿದರು. ಪೆರುವಿನ ನಡುಬೆಟ್ಟಗಳಲ್ಲಿರುವ ವಾನುಕೊ ಪಂಪಾ ಎಂಬ ಇಂಕಾ ಆಡಳಿತ ನಗರವನ್ನು ನೋಡಿದರೆ ಅಳತೆ ಗೊತ್ತಾಗುತ್ತದೆ. ನಡುವೆ ಅರ್ಧ ಕಿಲೋಮೀಟರಿಗಿಂತ ಉದ್ದದ ಬಯಲು, ಬಯಲಿನ ಮಧ್ಯೆ ಕಲ್ಲಿನ ಜಗಲಿ, ಪಕ್ಕದ ಗುಡ್ಡದ ಮೇಲೆ ಸಾಲುಸಾಲಾಗಿ ಸುಮಾರು 500 ಉಗ್ರಾಣಗಳು. ಅಲ್ಲಿ ಅಗೆದ ಪುರಾತತ್ತ್ವಜ್ಞ ಕ್ರೇಗ್ ಮಾರಿಸ್‌ಗೆ ಬಯಲಿನ ಅಕ್ಕಪಕ್ಕದ ಕಟ್ಟಡಗಳಲ್ಲಿ ದೊಡ್ಡ ದೊಡ್ಡ ಗುಡಾಣಗಳ ಚೂರುಗಳು ರಾಶಿಗಟ್ಟಲೆ ಸಿಕ್ಕವು. ಕಾಳನ್ನು ವರ್ಷಗಟ್ಟಲೆ ಕೂಡಿಡಬಹುದು; ಪಾನೀಯವನ್ನು ಕೂಡಿಡಲಾಗದು. ಆದ್ದರಿಂದ ಉಗ್ರಾಣ ಗುಡ್ಡದ ಮೇಲೆ, ಕುದಿಸುವ ಮನೆ ಬಯಲಿನ ಪಕ್ಕದಲ್ಲೇ. ಸಾವಿರಾರು ಜನ ಬರುವ ಹಬ್ಬಕ್ಕೆ ಎರಡು ಮೂರು ದಿನ ಮೊದಲು ಕುದಿಸಿ ಸರಿಯಾಗಿ ಹದ ಹಿಡಿಯಬೇಕಿತ್ತು.

ಹದ ಹಿಡಿಯುತ್ತಿದ್ದವರು ‘ಅಕ್ಯಾ’ಗಳು, ಅಂದರೆ ಆರಿಸಿ ತಂದವರು. ಸಾಮ್ರಾಜ್ಯದ ಮೂಲೆಮೂಲೆಯಿಂದ ಹತ್ತರ ಆಸುಪಾಸಿನ ಹೆಣ್ಣುಮಕ್ಕಳನ್ನು ಆರಿಸಿ, ತಾಯಿತಂದೆಯರಿಂದ ಬೇರ್ಪಡಿಸಿ, ಎತ್ತರದ ಗೋಡೆಗಳ ಮನೆಗಳಲ್ಲಿಟ್ಟು ನೇಯುವುದು ಮತ್ತು ಚಿಚಾ ಮಾಡುವುದು ಕಲಿಸುತ್ತಿದ್ದರು. ಕುಸ್ಕೊದಲ್ಲಿ ಅಂಥ ಮನೆ ಇದ್ದ ಜಾಗದಲ್ಲೇ ಸ್ಪೇನಿನವರು ಸಾಂತಾ ಕತಾಲಿನಾ ಕ್ರೈಸ್ತ ಸನ್ಯಾಸಿನಿಯರ ಮಠ ಕಟ್ಟಿದರು. ಗೋಡೆಯೊಳಗಿನ ಹೆಣ್ಣುಗಳ ಧರ್ಮ ಮಾತ್ರ ಬದಲಾಯಿತು. ಇಂಕಾ ಆತಿಥ್ಯವನ್ನು ಹಾಡಿ ಹೊಗಳುವ ಪ್ರವಾಸಿ ಕೈಪಿಡಿಗಳು ಈ ಹುಡುಗಿಯರನ್ನು ಸಾಮಾನ್ಯವಾಗಿ ಮರೆಯುತ್ತವೆ. ಅರಸ ಕೊಟ್ಟ ಬಟ್ಟಲನ್ನು ತಿರಸ್ಕರಿಸುವ ಹಾಗೂ ಇರಲಿಲ್ಲ. ಕುಡಿದವನು ಋಣಕ್ಕೆ ಬಿದ್ದ. ಋಣ ತೀರಿಸಲು ಅವನಿಗೆ ಇದ್ದದ್ದು ಎರಡು ಕೈ.

1999ರಲ್ಲಿ ಅರ್ಜೆಂಟೀನಾದ ಗಡಿಯ ಯುಯಾಯಾಕೊ ಜ್ವಾಲಾಮುಖಿಯ ನೆತ್ತಿಯಲ್ಲಿ, 6,700 ಮೀಟರಿಗೂ ಮೇಲೆ, ಮೂರು ಮಕ್ಕಳ ದೇಹಗಳು ಹಿಮದಲ್ಲಿ ಕೆಡದೆ ಸಿಕ್ಕವು. 500 ವರ್ಷಗಳ ಹಿಂದೆ ಇಂಕಾಗಳು ಬೆಟ್ಟಕ್ಕೆ ಬಲಿಕೊಟ್ಟ ಮಕ್ಕಳು. ದೊಡ್ಡವಳಿಗೆ ಸುಮಾರು 13 ವರ್ಷ. ಅವಳ ಉದ್ದನೆಯ ಜಡೆಯ ಕೂದಲನ್ನು ಇಂಚಿಂಚಾಗಿ ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಕೊನೆಯ ವರ್ಷದಲ್ಲಿ ಅವಳಿಗೆ ಕೋಕಾ ಎಲೆ ಹೆಚ್ಚಾಗಿತ್ತು, ಕೊನೆಯ ಕೆಲವು ವಾರಗಳಲ್ಲಿ ಮದ್ಯ ಬಹಳ ಏರಿತ್ತು. ಆ ಮದ್ಯ ಚಿಚಾವೇ ಇರಬೇಕು ಎಂದು ಅವರ ಅಭಿಪ್ರಾಯ. ಅವಳು ಈಗ ಸಾಲ್ಟಾ ನಗರದ ವಸ್ತುಸಂಗ್ರಹಾಲಯದಲ್ಲಿದ್ದಾಳೆ, ನಿದ್ದೆ ಹೋದವಳಂತೆ.

ಇಂಕಾಗಳು ಇದನ್ನು ಹೊಸದಾಗಿ ಕಂಡುಹಿಡಿದವರಲ್ಲ. ಅವರಿಗೂ ಹಲವು ಶತಮಾನ ಹಿಂದೆ ಆಂಡೀಸ್ ಆಳಿದ ವಾರಿಗಳು ದಕ್ಷಿಣ ಪೆರುವಿನ ಸೆರ್ರೊ ಬೌಲ್ ಎಂಬ ಚಪ್ಪಟೆ ನೆತ್ತಿಯ ಗುಡ್ಡದ ಮೇಲೆ ಒಂದು ಭಟ್ಟಿಯನ್ನೇ ಕಟ್ಟಿದ್ದರು. ಒಂದು ಸಲಕ್ಕೆ ಸುಮಾರು 1,800 ಲೀಟರ್ ಮಾಡುವಷ್ಟು ದೊಡ್ಡದು. ಮೆಕ್ಕೆಜೋಳದ ಜೊತೆ ಮೋಯೆ ಹಣ್ಣನ್ನೂ ಬಳಸುತ್ತಿದ್ದರು. ಭಟ್ಟಿಯ ನೆಲದಲ್ಲಿ ಹೆಂಗಸರು ಶಾಲಿಗೆ ಚುಚ್ಚುವ ಲೋಹದ ಪಿನ್ನುಗಳು ಉದುರಿಬಿದ್ದಿದ್ದವು. ಅಂಥ ಪಿನ್ನು ತೊಡುವವರು ಉಳ್ಳವರ ಮನೆಯವರು. ಹಾಗಾಗಿ ಇಲ್ಲಿ ಚಿಚಾ ಮಾಡುತ್ತಿದ್ದವರು ದಾಸಿಯರಲ್ಲ, ಸ್ಥಾನಮಾನವಿದ್ದ ಹೆಂಗಸರು ಎಂದು ಅಗೆದವರು ಊಹಿಸಿದ್ದಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ವಾರಿಗಳು ಆ ಗುಡ್ಡ ಬಿಟ್ಟರು. ಬಿಡುವಾಗ ಕೊನೆಯ ಸಲ ಚಿಚಾ ಮಾಡಿ, ಕುಡಿದು, ಭಟ್ಟಿಗೆ ತಾವೇ ಬೆಂಕಿಯಿಟ್ಟು, ಕುಡಿದ ಬಟ್ಟಲುಗಳನ್ನು ಆ ಬೆಂಕಿಗೆ ಎಸೆದು ಹೋದರು. ಚೂರುಗಳು ಬೂದಿಯೊಳಗೆ ಸಿಕ್ಕಿವೆ.

ಆ ಬಟ್ಟಲಿನ ಹೆಸರು ‘ಕೆರೊ’. ಮಣ್ಣಿನದು, ಮರದ್ದು; ಬೆಳ್ಳಿಬಂಗಾರದ್ದಾದರೆ ‘ಅಕಿಯಾ’. ಇಂಕಾಗಳ ಕಾಲದಲ್ಲಿ ಕೆರೊ ಯಾವಾಗಲೂ ಜೋಡಿಯಾಗಿ ಹುಟ್ಟುತ್ತಿತ್ತು: ಒಂದೇ ಅಳತೆ, ಒಂದೇ ಚಿತ್ತಾರ. ಒಂದು ನನಗೆ, ಇನ್ನೊಂದು ನಿನಗೆ. ಎದುರಿಗೆ ಮನುಷ್ಯನಿಲ್ಲದಿದ್ದರೂ ಎರಡನೆಯ ಬಟ್ಟಲಿಗೆ ಕುಡಿಯುವವರು ಇದ್ದೇ ಇರುತ್ತಿದ್ದರು. ಗ್ವಾಮಾನ್ ಪೋಮಾನ ಇನ್ನೊಂದು ಚಿತ್ರದಲ್ಲಿ ಇಂಕಾ ಅರಸ ಜೂನ್ ಹಬ್ಬದಲ್ಲಿ ಸೂರ್ಯನ ಜೊತೆ ಕುಡಿಯುತ್ತಿದ್ದಾನೆ. ಸತ್ತ ಅರಸರ ಒಣದೇಹಗಳನ್ನು ಕುಸ್ಕೊದ ಚೌಕಕ್ಕೆ ಹೊತ್ತು ತಂದು ಕೂರಿಸಿ ಅವರಿಗೂ ಹೊಯ್ಯುತ್ತಿದ್ದರು. ಈಗಲೂ ಚಿಚಾ ಮನೆಯಲ್ಲಿ ಲೋಟ ಕೈಗೆ ಬಂದರೆ ಮೊದಲು ನಾಲ್ಕು ಹನಿ ನೆಲಕ್ಕೆ. ಅದು ಪಾಚಮಾಮಾಳ ಪಾಲು, ಭೂತಾಯಿಯದು.

ಬಟ್ಟಲನ್ನು ಕೊಡುವುದು, ತೆಗೆದುಕೊಳ್ಳುವುದು ಎಷ್ಟು ದೊಡ್ಡ ಮಾತಾಗಿತ್ತು ಎಂಬುದಕ್ಕೆ 1532ರ ನವೆಂಬರ್ ತಿಂಗಳ ಕಾಹಮಾರ್ಕಾ ಪಟ್ಟಣ ಸಾಕ್ಷಿ. ಅಲ್ಲಿ ನಡೆದದ್ದು ಎಲ್ಲ ಚರಿತ್ರೆ ಪುಸ್ತಕಗಳಲ್ಲೂ ಇದೆ: ಪಾದ್ರಿ ವಾಲ್ವೆರ್ದೆ ಕೊಟ್ಟ ಧರ್ಮಗ್ರಂಥವನ್ನು ಇಂಕಾ ಅರಸ ಅತಾವಾಲ್ಪ ನೆಲಕ್ಕೆ ಎಸೆದ, ಅದೇ ನೆಪವಾಗಿ ಸ್ಪೇನಿನ ದಂಡಿನ ನಾಯಕ ಪಿಸಾರೊನ ಸೈನಿಕರು ಅವನ ಮೇಲೆ ಬಿದ್ದರು. ಹೀಗೆ ಹೇಳುವುದು ಗೆದ್ದವರ ಕಡೆಯವರು. ಅತಾವಾಲ್ಪನ ತಮ್ಮನ ಮಗ ತಿತು ಕುಸಿ ಯುಪಾಂಕಿ 1570ರಲ್ಲಿ ವಿಲ್ಕಬಾಂಬಾದ ಕಾಡಿನಲ್ಲಿ, ಸ್ಪೇನಿನವರಿಗೆ ಇನ್ನೂ ಪೂರ್ತಿ ಮಣಿಯದಿದ್ದಾಗ, ತನ್ನ ಕಡೆಯ ಕತೆ ಹೇಳಿ ಬರೆಸಿದ. ಅವನ ಪ್ರಕಾರ ಮೊದಲು ನೆಲಕ್ಕೆ ಬಿದ್ದದ್ದು ಪುಸ್ತಕವಲ್ಲ. ದೊಡ್ಡಪ್ಪ ಬಂದವರಿಗೆ ಬಂಗಾರದ ಬಟ್ಟಲಲ್ಲಿ ಕುಡಿಯಲು ಕೊಟ್ಟ. ಇಸಿದುಕೊಂಡ ಸ್ಪೇನಿನವನು ಅದನ್ನು ನೆಲಕ್ಕೆ ಚೆಲ್ಲಿದ. ಆ ಸಿಟ್ಟಿಗೇ ಅತಾವಾಲ್ಪ ಅವರ ಪುಸ್ತಕವನ್ನು ಎಸೆದ. ನಮ್ಮ ಪುಸ್ತಕಗಳಲ್ಲಿ ಪುಸ್ತಕದ ಅವಮಾನ ಉಳಿದು ಬಟ್ಟಲಿನ ಅವಮಾನ ಕಳೆದುಹೋದದ್ದು ಸಹಜವೇ. ಬರೆದವರು ಪುಸ್ತಕದ ಜನ.

ಆಮೇಲಿನ ಮುನ್ನೂರು ವರ್ಷ ಆಳಿದವರಿಗೆ ಚಿಚಾ ಎರಡು ಮುಖದ ತಲೆನೋವು. 1569ರಿಂದ 1581ರವರೆಗೆ ವೈಸ್‌ರಾಯ್ ಆಗಿದ್ದ ಫ್ರಾನ್ಸಿಸ್ಕೊ ದೆ ತೊಲೆದೊ ಸಾರ್ವಜನಿಕ ಕುಡಿತಕ್ಕೆ ಕಡಿವಾಣ ಹಾಕಲು ನೋಡಿದ. ವಿಗ್ರಹಾರಾಧನೆಯನ್ನು ಬೇರುಸಹಿತ ಕೀಳುವುದು ಹೇಗೆ ಎಂದು 1621ರಲ್ಲಿ ಕೈಪಿಡಿ ಬರೆದ ಜೆಸುಯಿಟ್ ಪಾದ್ರಿ ಅರ್ರಿಯಾಗಾ, ಈ ಜನ ದೇವರಿಗೆ ಕೊಡುವ ಮುಖ್ಯ ಕಾಣಿಕೆಯೇ ಚಿಚಾ ಎಂದು ಗುರುತಿಸಿದ್ದ. ಆದರೆ ಗಣಿಗೆ, ಹೊಲಕ್ಕೆ ಆಳು ಬೇಕಾದಾಗ ಚಿಚಾ ಇಲ್ಲದೆ ನಡೆಯುತ್ತಿರಲಿಲ್ಲ. ಕುಸ್ಕೊ ಕೆಥೆಡ್ರಲ್‌ನಲ್ಲಿ 18ನೇ ಶತಮಾನದ ಚಿತ್ರಕಾರ ಮಾರ್ಕೊಸ್ ಸಪಾತಾ ಬಿಡಿಸಿದ ಯೇಸುವಿನ ಕೊನೆಯ ಭೋಜನದ ಚಿತ್ರವಿದೆ. ತಟ್ಟೆಯಲ್ಲಿ ಅಂಗಾತ ಮಲಗಿರುವುದು ಹುರಿದ ಗಿನಿಯಿಲಿ. ಪಾತ್ರೆಯಲ್ಲಿರುವುದು ದ್ರಾಕ್ಷಾರಸವಲ್ಲ, ಚಿಚಾ ಎಂದು ಊರಿನವರು ಹೇಳುತ್ತಾರೆ.

ಕೊಚಬಾಂಬಾದ ಕತೆ ಇನ್ನೂ ಸ್ವಾರಸ್ಯದ್ದು. 20ನೇ ಶತಮಾನದ ಮೊದಲರ್ಧದಲ್ಲಿ ಆ ನಗರದ ಸಾರ್ವಜನಿಕ ಕಾಮಗಾರಿಗಳಿಗೆ ಹಣ ಬಂದದ್ದು ಬಹುಮಟ್ಟಿಗೆ ಚಿಚಾ ಮತ್ತು ಮುಕೊ ಮೇಲಿನ ತೆರಿಗೆಯಿಂದ. ಅದೇ ಹೊತ್ತಿಗೆ ನೈರ್ಮಲ್ಯದ ಹೆಸರಿನಲ್ಲಿ ಚಿಚಾ ಮನೆಗಳನ್ನು ನಗರದ ನಡುಬೀದಿಗಳಿಂದ ಹೊರಗಟ್ಟಿದರು.

ಪೆರುವಿನ ಅರೆಕಿಪಾದಲ್ಲಿ ಚಿಚಾ ಮನೆ ಬೆಳೆದು ‘ಪಿಕಾಂತೆರಿಯಾ’ ಎಂಬ ಊಟದ ಮನೆಯಾಯಿತು. ಹುಳಿ ಚಿಚಾಕ್ಕೆ ಜೊತೆ ಬೇಕು, ಜೊತೆಗೆ ಖಾರ. ‘ಪಿಕಾಂತೆ’ ಎಂದರೆ ಖಾರದ ತಿನಿಸು. ಉದ್ದನೆಯ ಮೇಜು, ಬೆಂಚು, ಪಕ್ಕದಲ್ಲಿ ಯಾರು ಕೂತರೂ ಸರಿ. ಅಡುಗೆಯೂ ಯಜಮಾನಿಕೆಯೂ ಹೆಂಗಸರದು. ಅಲ್ಲಿನ ಚಿಚಾ ಕಪ್ಪುನೇರಳೆ ಜೋಳದ ಮೊಳಕೆಯದು, ಹೆಸರು ‘ಗಿನ್ಯಾಪೊ’: ಹಿಂದೆ ಹೇಳಿದ ವಿನ್ಯಾಪುವಿನ ಸ್ಪ್ಯಾನಿಷ್ ರೂಪ. 2014ರಲ್ಲಿ ಪೆರು ಸರ್ಕಾರ ಅರೆಕಿಪಾದ ಪಿಕಾಂತೆರಿಯಾವನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಬಾಟಲಿಯಲ್ಲಿ, ಪ್ಯಾಕೆಟ್ಟಿನಲ್ಲಿ ಸಿಗುವ ನೇರಳೆ ಬಣ್ಣದ ‘ಚಿಚಾ ಮೊರಾದಾ’ ಬೇರೆಯೇ: ನೇರಳೆ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿದ ಶರಬತ್ತು, ಮದ್ಯವಲ್ಲ. ಹೆಸರು ನೋಡಿ ಮೋಸಹೋಗುವವರೂ, ಹೆಸರಿಗೆ ಹೆದರಿ ಬಿಡುವವರೂ ಇದ್ದಾರೆ.

ಉತ್ತರಕ್ಕೆ ಕೊಲಂಬಿಯಾದ ಬೊಗೊತಾದಲ್ಲಿ ಚಿಚಾಕ್ಕೆ ಬಿದ್ದ ಏಟು ಬೇರೆಲ್ಲೂ ಬೀಳಲಿಲ್ಲ. 1889ರಲ್ಲಿ ಜರ್ಮನ್ ವಲಸಿಗ ಲಿಯೊ ಕಾಪ್ ಅಲ್ಲಿ ಬವೇರಿಯಾ ಬಿಯರ್ ಕಾರ್ಖಾನೆ ಕಟ್ಟಿದ. ಕೂಲಿಕಾರರು ಮಾತ್ರ ಚಿಚಾ ಬಿಡಲಿಲ್ಲ. ಚಿಚಾ ಬುದ್ಧಿ ಮಂಕುಮಾಡುತ್ತದೆ, ಚಿಚಾ ಕುಡಿಯುವವರಿಂದ ಜೈಲು ತುಂಬುತ್ತದೆ ಎನ್ನುವ ಭಿತ್ತಿಪತ್ರಗಳು ಬೀದಿಗೆ ಬಂದವು. 1948ರ ಏಪ್ರಿಲ್ 9ರಂದು ಜನನಾಯಕ ಹೊರ್ಹೆ ಗೈತಾನ್ ಕೊಲೆಯಾಗಿ ನಗರ ಹೊತ್ತಿ ಉರಿಯಿತು. ದಂಗೆಗೆ ಹಲವು ಕಾರಣಗಳಿದ್ದವು, ಸರ್ಕಾರಕ್ಕೆ ಕಾಣಿಸಿದ್ದರಲ್ಲಿ ಒಂದು ಚಿಚಾ. ಅದೇ ವರ್ಷ ಬಂದ ಕಾನೂನು ಚಿಚಾ ಎಂಬ ಹೆಸರು ಹಿಡಿದು ನಿಷೇಧ ಹೇರಬೇಕಾಗಿಯೇ ಇರಲಿಲ್ಲ. ಜೋಳದಂಥವುಗಳಿಂದ ಹುದುಗಿಸಿದ ಪಾನೀಯವನ್ನು ಕಾರ್ಖಾನೆಯ ವಿಧಾನದಲ್ಲೇ ಮಾಡಬೇಕು, ಮುಚ್ಚಿದ ಬಿಡಿ ಗಾಜಿನ ಸೀಸೆಯಲ್ಲೇ ಮಾರಬೇಕು ಎಂದಿತು. ಮೂರು ದಿನ ಉಸಿರಾಡುತ್ತಾ ಗುಳುಗುಟ್ಟುವುದನ್ನು ಸೀಸೆಗೆ ತುಂಬಿ ಬಿರಡೆ ಜಡಿಯುವುದು ಹೇಗೆ? ಗುಡಾಣ ಇಟ್ಟುಕೊಂಡಿದ್ದ ಹೆಂಗಸರಿಗೆ ಸೀಸೆಯೂ ಇಲ್ಲ, ಯಂತ್ರವೂ ಇಲ್ಲ. ಚಿಚಾ ಮನೆಗಳು ಮುಚ್ಚಿದವು, ಕೆಲವು ಹಿತ್ತಿಲಿಗೆ ಸರಿದವು.

ಬೊಗೊತಾದ ಗುಡ್ಡದ ಬದಿಯಲ್ಲಿ ಲಾ ಪೆರ್ಸೆವೆರಾನ್ಸಿಯಾ ಎಂಬ ಬಡಾವಣೆಯಿದೆ. ಕಾಪ್ ತನ್ನ ಬಿಯರ್ ಕಾರ್ಖಾನೆಯ ಕಾರ್ಮಿಕರಿಗೆಂದು ಕಟ್ಟಿಸಲು ಶುರುಮಾಡಿದ್ದ ಬಡಾವಣೆ. ಅಲ್ಲಿನವರು ಈಗ ಪ್ರತಿ ವರ್ಷ ಬೀದಿಯಲ್ಲಿ ಗುಡಾಣಗಳನ್ನಿಟ್ಟು ಚಿಚಾ ಹಬ್ಬ ಮಾಡುತ್ತಾರೆ.